ಬಾಬೊನ ಮೌನ, ಗುತ್ತಿಯ ಮಾತು

ಹರ್ಮನ್ ಮೆಲ್ವಿಲ್‌ನ ‘ಬೆನಿಟೊ ಸೆರೆನೊ’ (1855) ನೀಳ್ಗತೆಯಲ್ಲಿ ಕ್ಷೌರದ ಸನ್ನಿವೇಶವೊಂದಿದೆ. ಗುಲಾಮ ಬಾಬೊ ಹಡಗಿನ ಕಪ್ತಾನನಿಗೆ ಕ್ಷೌರ ಮಾಡುತ್ತಿದ್ದಾನೆ. ಪಕ್ಕದಲ್ಲಿ ಕುಳಿತ ಅಮೆರಿಕದ ಡೆಲಾನೊಗೆ ಅದರಲ್ಲಿ ಕಾಣುವುದು ಸ್ವಾಮಿಭಕ್ತಿ. ಹಡಗು ಆಗಲೇ ಗುಲಾಮರ ಕೈಸೇರಿದೆ. ಕತ್ತಿ ಇರುವುದು ಸೆರೆಯಾಳಿನ ಕೊರಳ ಮೇಲೆ. ಚಿಲಿಯ ಕಡಲಲ್ಲಿ 1805ರಲ್ಲಿ ಬಯಲಾದ ನಿಜವಾದ ದಂಗೆಯೊಂದರಿಂದ ಹುಟ್ಟಿದ ಕಥೆ ಇದು. ಸಿಕ್ಕಿಬಿದ್ದ ಮೇಲೆ ಬಾಬೊ ತುಟಿ ಬಿಚ್ಚುವುದಿಲ್ಲ. ನಡೆದದ್ದೇನು ಎಂದು ನಮಗೆ ತಿಳಿಸುವುದು ನ್ಯಾಯಾಲಯದಲ್ಲಿ ಕಪ್ತಾನ ಕೊಟ್ಟ ಹೇಳಿಕೆ.

ಕಡಲಿಲ್ಲದ ನಮ್ಮ ಸೀಮೆಯಲ್ಲಿ ಕುಳಿತು ಇದನ್ನು ಓದುವಾಗ ನನಗೆ ನಾಯಿಗುತ್ತಿ ನೆನಪಾಗುತ್ತಾನೆ. ತೀರ್ಥಹಳ್ಳಿಯ ಕಾಡು, ಗದ್ದೆ, ಜಗಲಿಗಳ ನಡುವೆ ಬೆಳೆದ ಕುವೆಂಪು ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿ ಸಿಂಬಾವಿ ಹೆಗ್ಗಡೆಯ ಈ ಜೀತದಾಳಿಗೆ ಬಾಯಿ ಕೊಟ್ಟರು. ಹಸಿವು, ಹಟ, ಹುಲಿಯನೆಂಬ ನಾಯಿಯ ಮೇಲಿನ ಜೀವ, ತಿಮ್ಮಿಯ ಮೇಲಿನ ಆಸೆ, ಎಲ್ಲವೂ ಅವನವೇ. ತಿಮ್ಮಿ ಬೆಟ್ಟಳ್ಳಿ ಗೌಡರ ಆಳು. ಅವಳ ಮದುವೆಯೆಂದರೆ ಒಬ್ಬ ಒಡೆಯನ ದುಡಿಮೆ ಇನ್ನೊಬ್ಬನ ಮನೆಗೆ ಹೋದಂತೆ! ಹಾಗಾಗಿ ಗುತ್ತಿ ಅವಳನ್ನು ಹಾರಿಸಿಕೊಂಡು ಹೋಗುವುದು ಬರೀ ಪ್ರೇಮದ ಮಾತಲ್ಲ, ಒಡೆತನಕ್ಕೇ ಕೈಹಾಕಿದ ಕೆಲಸ. ಕಾಡಿನ ಕತ್ತಲು ಅವರನ್ನು ಕಾಯುತ್ತದೆ. ಆದರೆ ಮಳೆಗಾಲದ ತುಂಗೆ ಹುಲಿಯನನ್ನು ಸೆಳೆದೊಯ್ಯುತ್ತದೆ. ಆ ಪುಟಗಳನ್ನು ಎಷ್ಟು ಸಲ ಓದಿದರೂ ಗಂಟಲು ಕಟ್ಟುತ್ತದೆ.

ಗುತ್ತಿ ಓಡಿದ. ಸಾಗರ ತಾಲ್ಲೂಕಿನ ಕಾಗೋಡು ಹಳ್ಳಿಯ ಗೇಣಿದಾರರು ಓಡಲಿಲ್ಲ. ಜೀತದಾಳು ಬೇರೆ, ಗೇಣಿದಾರ ಬೇರೆ, ನಿಜ. ಒಡೆಯರ ಅಂಗಳದಲ್ಲಿ ಇಬ್ಬರೂ ತಲೆ ತಗ್ಗಿಸಿಯೇ ನಿಲ್ಲಬೇಕಿತ್ತು. ಗೇಣಿ ಭತ್ತ ಅಳೆಯುವ ಕೊಳಗವೇ ದೊಡ್ಡದಾಗಿದ್ದಾಗ ಅಲ್ಲಿನ ದೀವರ ರೈತರು ಎಚ್. ಗಣಪತಿಯಪ್ಪನವರ ಜೊತೆ ಸಂಘ ಕಟ್ಟಿದರು. 1951ರ ಏಪ್ರಿಲ್‌ನಲ್ಲಿ ನೇಗಿಲು ಹೊತ್ತು ಗದ್ದೆಗಿಳಿದು ಜೈಲಿಗೆ ಹೋದರು. ಶಾಂತವೇರಿ ಗೋಪಾಲಗೌಡರು ಮುಂದಾಳಾದರು; ಜೂನ್‌ನಲ್ಲಿ ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧಿತರಾದರು. ಮರುವರ್ಷ ಸಾಗರ–ಹೊಸನಗರದ ಜನ ಗೋಪಾಲಗೌಡರನ್ನು ವಿಧಾನಸಭೆಗೆ ಕಳಿಸಿದರು.

ಅನಂತಮೂರ್ತಿಯವರ ‘ಅವಸ್ಥೆ’ಯ ಕೃಷ್ಣಪ್ಪಗೌಡನಲ್ಲಿ ಗೋಪಾಲಗೌಡರ ನೆರಳಿದೆ. ದೊಡ್ಡ ಕಾದಂಬರಿ ಅದು. ಆದರೂ ಅಲ್ಲಿ ನಾವು ಹೊಗುವುದು ನಾಯಕನ ಮನಸ್ಸಿನೊಳಗೆ. ನೇಗಿಲು ಹೊತ್ತವರು, ಗಂಡ ಜೈಲಿಗೆ ಹೋದ ಮೇಲೆ ಒಲೆ ಹಚ್ಚಿದ ಹೆಂಗಸರು ತಮ್ಮ ಬಾಯಲ್ಲೇ ಹೇಳಿದ್ದು ನಮಗೆ ಬೇಕಾಗಿದೆ. ನಿಮ್ಮ ಮನೆಯ ಅಜ್ಜಿ ಆ ದಿನಗಳ ಬಗ್ಗೆ ಹೇಳಿದ್ದು ನೆನಪಿದ್ದರೆ, ಅವರ ಮಾತಿನ ಧಾಟಿಯಲ್ಲೇ ಬರೆದು ಕಳಿಸಿ. ತಿದ್ದದೆ ಅಚ್ಚು ಹಾಕುತ್ತೇವೆ.