ಅಡ್ಡಗೆರೆಗೆ ಸಿಗದ ಕಣಿವೆ

ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಎರಡು ಮೀಟರಿಗೂ ಹೆಚ್ಚು ಅಗಲದ ಒಂದು ಡಚ್ ಚಿತ್ರವಿದೆ. ಡಾರ್ಡ್ರೆಕ್ಟ್ ಊರಿನ ಆಲ್ಬರ್ಟ್ ಕೈಪ್ 1658ರ ಸುಮಾರಿಗೆ ಬರೆದದ್ದು. ಹೊಳೆ ನಿಂತಂತೆ ಹರಿಯುತ್ತಿದೆ. ದಡದಲ್ಲಿ ದನಗಳು, ಮಂದೆ ಕಾಯುವವರು, ಒಬ್ಬ ಕುದುರೆ ಸವಾರ, ದೂರದಲ್ಲಿ ಬೆಟ್ಟ. ಎಲ್ಲದರ ಮೇಲೂ ಇಳಿಹೊತ್ತಿನ ಹೊಂಬಿಸಿಲು. ಎಡಕ್ಕೆ, ಪೊದೆಯ ಮರೆಯಲ್ಲಿ ಮಾತ್ರ ಒಬ್ಬ ಬೇಟೆಗಾರ ನೀರುಬಾತುಗಳಿಗೆ ಕೋವಿ ಗುರಿಯಿಟ್ಟು ಕೂತಿದ್ದಾನೆ. ಈ ನೆಮ್ಮದಿ ಇನ್ನೆಷ್ಟು ಗಳಿಗೆಯದು ಎಂಬುದು ಅವನು ಕಣ್ಣಿಗೆ ಬಿದ್ದ ಮೇಲಷ್ಟೇ ಹೊಳೆಯುತ್ತದೆ. ಚಿತ್ರದ ಜೀವ ಇರುವುದೇ ಅಲ್ಲಿ.

ಕೈಪನ ಊರಿನ ಸುತ್ತ ಬೆಟ್ಟವೇ ಇಲ್ಲ. ಸಮುದ್ರಮಟ್ಟದ ಆಸುಪಾಸಿನ ಚಪ್ಪಟೆ ನೆಲ. ಬೆಟ್ಟಗಳನ್ನು ಅವನು ಕಂಡದ್ದು ರೈನ್ ನದಿಯ ಕಡೆ ತಿರುಗಾಡಿದಾಗ. ಬಿಸಿಲನ್ನು ಕಲಿತದ್ದು ಇಟಲಿಯಿಂದ ಮರಳಿದ ಯಾನ್ ಬೋತನಂಥವರ ಚಿತ್ರಗಳಿಂದ. ಅವನ ಕಾಲದವನೇ ಆದ ಯಾಕೋಬ್ ಫಾನ್ ರೌಸ್‌ಡಾಲ್ ಹಾರ್ಲೆಮ್ ಊರನ್ನು ಬರೆದಾಗ ಮೂರರಲ್ಲಿ ಎರಡು ಪಾಲು ಜಾಗವನ್ನು ಮೋಡಗಳಿಗೇ ಬಿಟ್ಟುಕೊಟ್ಟ.

ಶಿರಸಿ ಬಳಿಯ ಊರು ಭೈರುಂಬೆಯಲ್ಲಿ ಅಷ್ಟು ಆಕಾಶ ಎಲ್ಲಿಂದ ತರುವುದು?

ಇಲ್ಲಿ ಕಣಿವೆಯ ತಳದಲ್ಲಿ ಅಡಿಕೆ ತೋಟ, ಏರಿನಲ್ಲಿ ಸೊಪ್ಪಿನ ಬೆಟ್ಟ, ಆಚೆ ಕಾಡು. ಕೈಪನ ಚಿತ್ರದಲ್ಲಿ ಓರೆಯಾಗಿ ಬರುವ ಬಿಸಿಲು ಉದ್ದಕ್ಕೆ ನೆರಳು ಹಾಸುತ್ತದೆ. ತೋಟದ ಬಿಸಿಲು ಸೋಗೆಗಳ ಸಂದಿಯಿಂದ ಚೂರುಚೂರಾಗಿ ಏಲಕ್ಕಿ ಹಿಂಡಿನ ಮೇಲೆ ಬೀಳುತ್ತದೆ. ಕಣ್ಣಿಗೆ ಸಿಗುವುದೆಲ್ಲ ನಿಂತ ಗೆರೆ. ಈ ಕಣಿವೆಯನ್ನು ಬರೆಯಹೊರಟವರು ಪಟವನ್ನು ಅಡ್ಡ ಹಿಡಿಯದೆ ಉದ್ದಕ್ಕೆ ನಿಲ್ಲಿಸಿಕೊಳ್ಳುವುದೇ ಸರಿ. ಕಣಿವೆಯ ಉದ್ದಗಲ ಕಾಣುವುದು ಕೊನೆಗೌಡನಿಗೆ. ಮರ ಹತ್ತಿ, ಇಳಿಯದೆ ಒಂದು ಮರದಿಂದ ಇನ್ನೊಂದಕ್ಕೆ ದಾಟುತ್ತ ಕೊನೆ ಕೊಯ್ಯುವವನಿಗೆ. ಅವನ ಕಣ್ಣಿನ ಎತ್ತರದಿಂದ ಬರೆದರೆ ಚಿತ್ರದ ಲೆಕ್ಕವೇ ಬೇರೆಯಾದೀತು.

ಆಕಾಶ ಬಿಚ್ಚಿಕೊಳ್ಳುವ ಇನ್ನೊಂದು ಜಾಗ ಹತ್ತಿರದ ಸಹಸ್ರಲಿಂಗ. ಶಾಲ್ಮಲೆ ಅಲ್ಲಿ ಬಂಡೆಗಳ ನಡುವೆ ಹರಿಯುತ್ತಾಳೆ. ಬಂಡೆಗಳ ಮೇಲಿನ ಲಿಂಗ, ನಂದಿಗಳನ್ನು ಕಡೆಸಿದವನು 1678ರಿಂದ 1718ರವರೆಗೆ ಆಳಿದ ಸೋದೆಯ ಅರಸ ಸದಾಶಿವರಾಯ ಎನ್ನುತ್ತಾರೆ. ಅವನು ಪಟ್ಟಕ್ಕೆ ಬಂದಾಗ ಕೈಪ್, ರೌಸ್‌ಡಾಲ್ ಇಬ್ಬರೂ ಬದುಕಿದ್ದರು. ಹೊಳೆಯನ್ನು ದೂರ ನಿಂತು ನೋಡುವುದು ಆ ಚಿತ್ರಕಾರರ ರೀತಿ. ಸೋದೆಯ ಶಿಲ್ಪಿಗಳು ಹೊಳೆಗೇ ಇಳಿದರು, ಮಳೆ ಬಂದರೆ ಮುಳುಗುತ್ತದೆ ಎಂದು ತಿಳಿದೂ ಕೆತ್ತಿದರು. ಮಳೆಗಾಲ ಕಳೆದು ನೀರು ತಗ್ಗಿದಂತೆ ಲಿಂಗಗಳು ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ಶಿವರಾತ್ರಿಯಂದು ಜನ ಬಂಡೆಯಿಂದ ಬಂಡೆಗೆ ದಾಟಿ ಪೂಜೆ ಮಾಡುತ್ತಾರೆ. ಬಣ್ಣದ ಪೆಟ್ಟಿಗೆ ಹಿಡಿದು ಬರುವವರು ಆ ಜಾತ್ರೆಗೆ ಒಂದೆರಡು ವಾರ ಮೊದಲೇ ಬಂದರೆ ಒಳ್ಳೆಯದು: ಕಲ್ಲು ತೆರೆದಿರುತ್ತದೆ, ನೀರೂ ಇರುತ್ತದೆ.