ದಾರಂದದ ಗೀಟು

ಬಂಟ್ವಾಳ ಪೇಟೆಯಲ್ಲಿದ್ದ ನಮ್ಮ ದೊಡ್ಡಮ್ಮನ ಮನೆಯ ದಾರಂದದಲ್ಲಿ, ಆಳೆತ್ತರಕ್ಕೆ ನಾಲ್ಕು ಬೆರಳು ಕಡಿಮೆಯಾಗುವಷ್ಟು ಮೇಲೆ, ಒಂದು ಗೀಟು ಇತ್ತು. 1974ರ ನೆರೆ ಇಳಿದ ಮೇಲೆ ದೊಡ್ಡಪ್ಪ ಕತ್ತಿಯ ಮೊನೆಯಿಂದ ಕೊರೆದದ್ದು. ರಜೆಗೆ ಹೋದ ಮಕ್ಕಳೆಲ್ಲ ಅದಕ್ಕೆ ಬೆನ್ನು ಕೊಟ್ಟು ನಿಂತು ಯಾರು ಎಷ್ಟು ಬೆಳೆದಿದ್ದೇವೆ ಎಂದು ನೋಡಿಕೊಳ್ಳುತ್ತಿದ್ದೆವು. ಗೀಟು ದಾಟಿದವನು ಗಂಡಸಾದ ಎಂದು ಲೆಕ್ಕ. ಹಾಗಾದರೆ 1923ರ ನೆರೆಯ ಗೀಟು ಎಲ್ಲಿ ಎಂದು ನಾನೊಮ್ಮೆ ಕೇಳಿದ್ದೆ. "ಗೀಟು ಹಾಕ್ಲಿಕ್ಕೆ ಗೋಡೆ ಉಳಿದ್ರಲ್ವಾ ಮಗಾ" ಎಂದರು ದೊಡ್ಡಮ್ಮ.

ಹಿಂದಿನ ಮನೆಯದು ಮಣ್ಣಿನ ಗೋಡೆ. ಮಣ್ಣಿನ ಗೋಡೆ ನೀರಿನ ಪೆಟ್ಟಿಗೆ ಬೀಳುವುದಕ್ಕಿಂತ ನೆನೆದು ಕುಸಿಯುವುದೇ ಹೆಚ್ಚು. ಬುಡ ಮೆತ್ತಗಾಗಿ, ಮೇಲಿನ ಮಾಡು ಹಾಗೆಯೇ ಕೂತುಬಿಡುತ್ತದೆ. 1923ರ ಆಗಸ್ಟಿನಲ್ಲಿ ನೇತ್ರಾವತಿ ದಂಡೆಯಲ್ಲಿ ಉಪ್ಪಿನಂಗಡಿಯಿಂದ ಕೆಳಗಿನವರೆಗೂ ಹೀಗೆ ಕೂತ ಮನೆಗಳ ಕಥೆಗಳು ಇಂದಿಗೂ ಇವೆ. ತುಳುವಿನಲ್ಲಿ ನೆರೆಗೆ ಬೊಳ್ಳ ಎನ್ನುತ್ತಾರೆ. ಆ ವರ್ಷದ್ದಕ್ಕೆ ಬೇರೆಯೇ ಹೆಸರು, ಮಾರಿಬೊಳ್ಳ. ಮರುವರ್ಷ, 1924ರಲ್ಲಿ, ಕೇರಳ ಮುಳುಗಿತು. ಅವರದನ್ನು ಕೊಲ್ಲಂ ವರ್ಷ 1099ರ ಲೆಕ್ಕದಲ್ಲಿ ತೊಂಬತ್ತೊಂಬತ್ತರ ನೆರೆ ಎಂದು ಕರೆದರು. ಅವರು ಇಸವಿ ಇಟ್ಟುಕೊಂಡರು, ನಾವು ಮಾರಿಯನ್ನು. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಕಾಗದಪತ್ರವೆಲ್ಲ ಅತ್ತ ಹೋಯಿತು, ನೆನಪು ಮಾತ್ರ ಇಲ್ಲಿನ ಅಜ್ಜಿಯಂದಿರ ಬಾಯಲ್ಲಿ ಉಳಿಯಿತು.

ಬಂಟ್ವಾಳ ನೇತ್ರಾವತಿಯ ಪಕ್ಕ ಕೂತದ್ದು ದಡ್ಡತನದಿಂದಲ್ಲ. ನದಿಯೇ ರಸ್ತೆಯಾಗಿದ್ದ ಕಾಲ ಅದು. ಘಟ್ಟದಿಂದ ಇಳಿದ ಕಾಫಿ, ಅಡಿಕೆ ಇಲ್ಲಿ ದೋಣಿ ಹತ್ತಿ ಮಂಗಳೂರಿಗೆ ಹೋಗುತ್ತಿತ್ತು. ಅಂಗಡಿಯ ಹಿಂಬಾಗಿಲು ತೆರೆದರೆ ಹೊಳೆ ಇರಬೇಕು, ಅದೇ ಅನುಕೂಲ. ಆ ಹಿಂಬಾಗಿಲಿನಿಂದಲೇ ವರ್ಷಕ್ಕೊಮ್ಮೆ ನೀರು ಒಳಗೆ ಬರುತ್ತಿತ್ತು. ಬಂದು ಹೋಗುವ ನೆಂಟ ಎಂದು ಸಹಿಸಿಕೊಂಡರು. 1974ರ ನೆಂಟ ಮಾತ್ರ ಅಂಗಡಿಗಳ ಅಟ್ಟದವರೆಗೂ ಬಂದ. ಆಮೇಲೆಯೇ ವ್ಯಾಪಾರ ಹೆದ್ದಾರಿ ಬದಿಯ ಬಿ.ಸಿ. ರೋಡಿಗೆ ಸರಿಯಿತು ಎನ್ನುತ್ತಾರೆ ಪೇಟೆಯ ಹಳಬರು. ಹೆದ್ದಾರಿಯೂ ಎಳೆದಿರಬೇಕು, ಪಾಪ, ಎಲ್ಲವನ್ನೂ ಹೊಳೆಯ ತಲೆಗೆ ಕಟ್ಟಬಾರದು.

ನೇತ್ರಾವತಿ ಉದ್ದದ ನದಿಯಲ್ಲ, ಸುಮಾರು ನೂರು ಕಿಲೋಮೀಟರ್ ಅಷ್ಟೆ. ಕುದುರೆಮುಖದ ಕಡೆಯಿಂದ, ಚಾರ್ಮಾಡಿಯಿಂದ, ಶಿರಾಡಿಯಿಂದ ಧೋ ಎಂದು ಸುರಿದದ್ದು ಮಲಗಿ ಏಳುವುದರೊಳಗೆ ಕೆಳಗೆ ಬಂದಿರುತ್ತದೆ. ಪುಷ್ಪಗಿರಿಯ ಕಡೆಯ ಕುಮಾರಧಾರಾ ಉಪ್ಪಿನಂಗಡಿಯಲ್ಲಿ ಕೂಡಿಕೊಳ್ಳುತ್ತದೆ. ಅಲ್ಲಿ ಎರಡು ಹೊಳೆಗಳೂ ಉಕ್ಕಿ ಸಹಸ್ರಲಿಂಗೇಶ್ವರ ದೇವಸ್ಥಾನದ ಎದುರು ಒಂದಾದರೆ ಸಂಗಮವಾಯಿತೆಂದು ಗಂಗಾಪೂಜೆ ಮಾಡುತ್ತಾರೆ. ಅಲ್ಲಿನವರಿಗೆ ಅದು ಪುಣ್ಯ. ಬಂಟ್ವಾಳದಲ್ಲಿ ಆ ಸುದ್ದಿ ಬಂದರೆ ದೊಡ್ಡಮ್ಮ ಅಕ್ಕಿಯನ್ನು ಅಟ್ಟಕ್ಕೆ ಸಾಗಿಸಲು ಶುರುಮಾಡುತ್ತಿದ್ದರು. ಸಮುದ್ರದಲ್ಲಿ ಉಬ್ಬರದ ಹೊತ್ತಾದರೆ ಇನ್ನೂ ಗ್ರಹಚಾರ, ಅಳಿವೆಯಲ್ಲಿ ನೀರಿಗೆ ಹೊರಡಲು ದಾರಿಯಿಲ್ಲ. 1923, 1974, 2019ರ ಮೂರೂ ನೆರೆ ಬಂದದ್ದು ತುಳುವರ ಆಟಿ ತಿಂಗಳಲ್ಲಿ. ಮಾರಿ ಓಡಿಸಲು ಆಟಿ ಕಳಂಜ ಮನೆಮನೆಗೆ ಬರುವ ತಿಂಗಳು ಅದು. ಪಂಚಾಂಗಕ್ಕೆ ಗೊತ್ತಿದ್ದದ್ದು ನಕ್ಷೆಗೆ ಇನ್ನೂ ಗೊತ್ತಾಗಿಲ್ಲ.

ನೆರೆಯ ಫೋಟೋಗಳಲ್ಲಿ ಬರೀ ನೀರು ಕಾಣುತ್ತದೆ. ಅನುಭವಿಸಿದವರು ಹೇಳುವುದು ಕೆಸರಿನ ಮಾತು. ನೀರು ಪೂರ್ತಿ ಇಳಿಯಲಿ ಎಂದು ಕಾದರೆ ಕೆಟ್ಟೆವು. ಮೊಣಕಾಲಿಗೆ ಬಂದಾಗಲೇ ಹಿಡಿಸೂಡಿ ಹಿಡಿದು, ನೆಲ ಕಲಕಿ ಕಲಕಿ, ಇಳಿಯುವ ನೀರಿನೊಂದಿಗೇ ಕೆಸರನ್ನು ಹೊರಗೆ ಅಟ್ಟಬೇಕು. ಒಣಗಿತೋ, ಹಾರೆಯೇ ಗತಿ. ಕೊಡಪಾನ ಎಷ್ಟು ತೊಳೆದರೂ ವಾಸನೆ ಹೋಗುವುದಿಲ್ಲ. ದೊಡ್ಡಮ್ಮ ಸಾಯುವವರೆಗೂ ಒಂದು ಪೆಟ್ಟಿಗೆಯ ಸೀರೆಗಳಿಗೆ ಹೊಳೆಯ ವಾಸನೆ ಎನ್ನುತ್ತಿದ್ದರು, ನಮಗೆ ಬರೀ ಕರ್ಪೂರದ ವಾಸನೆ ಬರುತ್ತಿತ್ತು.

ಈಗ ಬಂಟ್ವಾಳದಲ್ಲಿ ಅಪಾಯದ ಮಟ್ಟ 8.5 ಮೀಟರ್. ಮಳೆಗಾಲದಲ್ಲಿ ಈ ಸಂಖ್ಯೆ ಎಲ್ಲರ ಮೊಬೈಲಿನಲ್ಲಿ ಓಡಾಡುತ್ತದೆ. ಪಾಣೆಮಂಗಳೂರಿನ ಆಲಡ್ಕದ ಮನೆಗಳಿಗೆ ಅಷ್ಟಾಗುವ ಮೊದಲೇ ನೀರು ಮುಟ್ಟಿರುತ್ತದೆ. ಗಂಜಿ ಕೇಂದ್ರ ತೆರೆಯುತ್ತಾರೆ. ಅದಕ್ಕೀಗ ಕಾಳಜಿ ಕೇಂದ್ರ ಎಂದು ಹೆಸರು. ಗಂಜಿ ಅಲ್ಲೂ ಇದೆ, ಕಾಳಜಿ ಮಳೆ ನಿಲ್ಲುವವರೆಗೆ ಇದೆ.

2019ನ್ನೇ ನೋಡಿ. ಮೇ ತಿಂಗಳಲ್ಲಿ ನೇತ್ರಾವತಿ ಎಷ್ಟು ಬತ್ತಿತ್ತೆಂದರೆ ಧರ್ಮಸ್ಥಳದ ಧರ್ಮಾಧಿಕಾರಿ ವೀರೇಂದ್ರ ಹೆಗ್ಗಡೆಯವರೇ ಭಕ್ತರಿಗೆ ಯಾತ್ರೆ ಮುಂದೂಡಿ ಎಂದು ಹೇಳಬೇಕಾಯಿತು. ತುಂಬೆ ಅಣೆಕಟ್ಟಿನ ನೀರು ನಂಬಿದ ಮಂಗಳೂರಿನಲ್ಲಿ ನಲ್ಲಿಗೆ ರೇಷನ್. ಮೂರು ತಿಂಗಳೊಳಗೆ, ಆಗಸ್ಟಿನಲ್ಲಿ, ಚಾರ್ಮಾಡಿಯಲ್ಲಿ ಗುಡ್ಡ ಜರಿಯಿತು, ಬೆಳ್ತಂಗಡಿಯ ತೋಟಗಳಿಗೆ ಮರದ ದಿಮ್ಮಿಗಳ ಸಮೇತ ಪ್ರವಾಹ ನುಗ್ಗಿತು, ಬಂಟ್ವಾಳ ಪೇಟೆಯಲ್ಲಿ ಹಳಬರು ಎಪ್ಪತ್ತನಾಲ್ಕರ ಮಾತು ತೆಗೆದರು. ಒಂದೇ ಹೊಳೆ, ಒಂದೇ ವರ್ಷ. ಬರಕ್ಕೆ ಒಂದು ಸಭೆ, ನೆರೆಗೆ ಇನ್ನೊಂದು ಸಭೆ. ಎರಡೂ ಒಂದೇ ಗುಡ್ಡದ ಕಥೆ ಎಂದು ಹೇಳುವ ಮೂರನೆಯ ಸಭೆ ನಡೆದದ್ದನ್ನು ನಾನು ಕಂಡಿಲ್ಲ.

ನಾನು ಕೇಳುವುದು ದೊಡ್ಡ ಯೋಜನೆಯನ್ನಲ್ಲ. ತಡೆಗೋಡೆ ಬೇಕೆಂದೂ ಹೇಳುತ್ತಿಲ್ಲ, ತಡೆದ ನೀರು ಎದುರು ದಂಡೆಯವನ ಅಂಗಳಕ್ಕೆ ಹೋಗುತ್ತದೆ. ಒಂದು ಡಬ್ಬಿ ಕೆಂಪು ಬಣ್ಣ ಮತ್ತು ಬ್ರಶ್ಶು ಸಾಕು. 1974ರ ನೀರು ಎಲ್ಲಿಗೆ ಬಂದಿತ್ತೆಂದು ಬೆರಳಿಟ್ಟು ತೋರಿಸುವವರು ಇನ್ನೂ ಇದ್ದಾರೆ, ಆದರೆ ಎಪ್ಪತ್ತು ದಾಟಿದ್ದಾರೆ. ಅವರನ್ನು ಕರೆದುಕೊಂಡು ಹೋಗಿ, ಕೆಳಪೇಟೆಯಿಂದ ಆಲಡ್ಕದವರೆಗೆ ಕರೆಂಟು ಕಂಬಗಳಿಗೆ, ಶಾಲೆಯ ಗೋಡೆಗಳಿಗೆ ಗೀಟು ಎಳೆಯಬೇಕು. ಜಾಗ ಕೊಳ್ಳುವವನಿಗೆ ಕಾಗದಪತ್ರ ತೋರಿಸುವ ಮೊದಲು ಆ ಕಂಬ ಕಾಣಲಿ. ದೊಡ್ಡಮ್ಮನ ಮನೆಯ ದಾರಂದ ಈಗಿಲ್ಲ. ಮನೆ ಮಾರಿಯಾಯಿತು, ಕೊಂಡವರು ಕೆಡವಿ ಕಾಂಕ್ರೀಟಿನದು ಕಟ್ಟಿದ್ದಾರೆ, ಹಲಸಿನ ಮರದ ದಾರಂದ ಯಾವುದೋ ಹೋಮ್‌ಸ್ಟೇಗೆ ಒಳ್ಳೆಯ ಬೆಲೆಗೆ ಹೋಯಿತಂತೆ. ಗೀಟಿನ ಸಮೇತ.

ಮೊನ್ನೆ ತಂಗಿಯ ಮಗ ಹೊಳೆ ಕಾಣುವ ಹತ್ತು ಸೆಂಟ್ಸ್ ಜಾಗ ನೋಡಿದ್ದೇನೆ, ಬನ್ನಿ ಮಾವ ಎಂದು ಕರೆದುಕೊಂಡು ಹೋದ. ಚಂದದ ಜಾಗವೇ. ಕನ್ವರ್ಷನ್ ಆಗಿದೆ, ನೈನ್ ಇಲೆವೆನ್ ಖಾತೆ ಆಗಿದೆ, ಬಾವಿ ತೆಗೆದರೆ ಹದಿನೈದು ಅಡಿಗೆ ನೀರು ಎಂದು ಬ್ರೋಕರ್ ಒಂದೇ ಉಸಿರಿಗೆ ಹೇಳಿದ. ಎಪ್ಪತ್ತನಾಲ್ಕರಲ್ಲಿ ಇಲ್ಲಿ ನೀರು ಎಷ್ಟು ಬಂದಿತ್ತು ಎಂದು ಕೇಳಿದೆ. ಆತ ಒಂದು ಗಳಿಗೆ ಹೊಳೆಯ ಕಡೆ ನೋಡಿ, ಬಹಳ ಸಮಾಧಾನದಿಂದ ಹೇಳಿದ:

"ಆಗ ಇಲ್ಲಿ ಮನೆಯೇ ಇರ್ಲಿಲ್ಲ ಮಾರಾಯ್ರೆ."