ಮನೆಮಂದಿಗೆಲ್ಲಾ ನಗೆಹಾಡು ಅಂತೆ... ಯಾರ ಮನೆಮಂದಿಗೆ?

ಅಲ್ರೀ, "ಮನೆಮಂದಿಯೆಲ್ಲಾ ಕೂತು ಕೇಳುವ ಹಾಸ್ಯಗೀತೆಗಳು" ಅಂತ ಅಂಗಡಿಯಲ್ಲಿ ಸಿಗುವ ಸಂಗ್ರಹಗಳಿವೆಯಲ್ಲ, ಅವನ್ನ ಮಾಡೋರು ಒಂದ್ಸಲನಾದ್ರೂ ತಮ್ಮ ಮನೆಮಂದಿನ ಕೂರಿಸಿ ಕೇಳಿಸಿದ್ದಾರಾ? ಮೊದಲು ಕ್ಯಾಸೆಟ್ಟಿನಲ್ಲಿ ಬರ್ತಿತ್ತು, ಆಮೇಲೆ ಸಿ.ಡಿ. ಆಯ್ತು. ನಾನು ಹೈಸ್ಕೂಲಲ್ಲಿದ್ದಾಗ ಯಾದಗಿರಿಯ ಮೊಬೈಲ್ ಅಂಗಡಿಯವರು ಮೆಮೊರಿ ಕಾರ್ಡಿಗೆ ತುಂಬಿಕೊಡ್ತಿದ್ರು. ಈಗ ಕಾರಿಗೆ ಚುಚ್ಚೋ ಪೆನ್‌ಡ್ರೈವ್. ಡಬ್ಬಿ ಬದಲಾಯ್ತು, ಒಳಗಿನ ಸರಕು ಅದೇ. ಕಳೆದ ಸಲ ಊರಿಗೆ (ಹತ್ತಿಕುಣಿ, ಯಾದಗಿರಿ ತಾಲ್ಲೂಕು, ಡ್ಯಾಮ್ ಇರೋ ಊರು ಅಂದ್ರೆ ನಮ್ಮ ಕಡೆಯವರಿಗೆ ಗೊತ್ತಾಗುತ್ತೆ) ಹೋಗುವಾಗ ನಮ್ಮ ಮಾವ ಅಂಥದ್ದೊಂದನ್ನ ಕಾರಿಗೆ ಹಾಕಿದ್ರು. ನೂರಕ್ಕಿಂತ ಹೆಚ್ಚು ಹಾಡು. ಬೆಂಗಳೂರಿಂದ ಊರು ಮುಟ್ಟೋದರೊಳಗೆ ಬಹುಪಾಲು ಕೇಳಾಯ್ತು. ಕಂಪನಿ ಹೆಸರು ಬೇಡ ಬಿಡಿ. ಇಂಥವು ನಾಲ್ಕಾರು ಕೇಳಿದ್ದೀನಿ, ಎಲ್ಲದರ ಹಣೆಬರಹ ಒಂದೇ.

ಮೊದಲೇ ಹೇಳಿಬಿಡ್ತೀನಿ, ಭಾವಗೀತೆ ಮೇಲು, ತಮಾಷೆ ಹಾಡು ಕೀಳು ಅನ್ನೋ ಪಂಥದವನಲ್ಲ ನಾನು. ತಮಾಷೆ ಹಾಡು ಬರೆಯೋದು ಕಷ್ಟದ ಕೆಲಸ. ಟಿ.ಪಿ.ಕೈಲಾಸಂ ಅವರನ್ನೇ ನೋಡಿ. 1912ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿ, ಮೊದಲ ಮಹಾಯುದ್ಧದಲ್ಲಿ ಸಿಪಾಯಿಗಳ ಬಾಯಿಗೆ ಬಿದ್ದ ಟಿಪ್ಪರೇರಿ ಹಾಡನ್ನ ಎತ್ಕೊಂಡು ನಮ್ಮ ತಿಪ್ಪಾರಳ್ಳಿ ಮಾಡಿಬಿಟ್ರು. 1928ರಲ್ಲಿ ಬಂದ ಕಾನ್‌ಸ್ಟಾಂಟಿನೋಪಲ್ ಅನ್ನೋ ಹಾಡು ಊರಿನ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನ ಒಂದೊಂದಾಗಿ ಬಿಡಿಸಿ ಹೇಳೋ ಆಟ. ಆ ಆಟಾನ ಕನ್ನಡದ ಕಾಗುಣಿತಕ್ಕೆ ಇಳಿಸಿ ಕೋಳೀಕೆ ರಂಗನನ್ನ ಹುಟ್ಟಿಸಿದ್ರು. ಎರಡೂ ಆ ಕಾಲದ ಪೇಟೆ ಹಾಡುಗಳೇ. ಕನ್ನಡದ್ದು ಹಾಡ್ತಾ ಇದ್ರೆ ಯಾರಿಗಾದ್ರೂ ಎರವಲು ಅನಿಸುತ್ತಾ? ಹೀಗೆ ಒಂದೆಡೆ ಗುಡ್ಡೆ ಹಾಕಿ ಮಾರೋದೂ ನಮ್ಮವರ ಸಂಶೋಧನೆ ಏನಲ್ಲ. ಕೆನಡಾದ ವಿನಿಪೆಗ್‌ನ ಕೆ-ಟೆಲ್ ಅನ್ನೋ ಕಂಪನಿ 1970ರ ದಶಕದಲ್ಲೇ ಟೀವಿ ಜಾಹೀರಾತು ಹಾಕಿ ಸಂಗ್ರಹದ ರೆಕಾರ್ಡುಗಳನ್ನ ಲಕ್ಷಗಟ್ಟಲೆ ಮಾರಿತ್ತು. ಮಾರಲಿ, ತಪ್ಪಿಲ್ಲ. ಆದ್ರೆ ಗುಡ್ಡೆ ಹಾಕೋನಿಗೆ ತಾನು ಹಾಕ್ತಿರೋದು ಜೋಳಾನೋ ಕಲ್ಲೋ ಅಂತ ಗೊತ್ತಿರಬೇಕು ತಾನೆ?

ಗೊತ್ತಿಲ್ಲ. ಸಾಕ್ಷಿ ಕೊಡ್ತೀನಿ.

ಶಿಶುನಾಳ ಶರೀಫಜ್ಜನ (1819-1889) ಕೋಡಗ-ಕೋಳಿಯ ಪದ ನಿಮಗೆಲ್ಲಾ ಗೊತ್ತು. ಈ ಸಂಗ್ರಹದಲ್ಲೂ ಇದೆ, ಮಕ್ಕಳ ಪ್ರಾಸದ ಪದ್ಯಗಳ ನಡುವೆ. ಪ್ರಾಣಿ-ಪಕ್ಷಿ ಇದೆಯಲ್ಲ, ಹಾಗಾಗಿ ಮಕ್ಕಳದ್ದು ಅಂದ್ಕೊಂಡ್ರೋ ಏನೋ! ಹೋಗಲಿ ಅನ್ನೋಣ ಅಂದ್ರೆ ಕೊನೆಯ ನುಡೀನೇ ಇಲ್ಲ. ನಡುವೆ ಡಿಸ್ಕೋ ತಾಳ ತುರುಕಿ, ಎರಡು ನಿಮಿಷಕ್ಕೆ ಕತ್ತರಿಸಿ ಮುಗಿಸಿದ್ದಾರೆ. ಆ ಪದದಲ್ಲಿ ಅಷ್ಟು ಹೊತ್ತು ನುಂಗೋ ಆಟ ಆಡಿ, ಕೊನೆಯ ನುಡಿಯಲ್ಲಿ ಗುರು ಗೋವಿಂದನ ಪಾದ ಬಂದ ಮೇಲೇ ಅಲ್ವೇ ಅಷ್ಟೂ ಹೊತ್ತು ನಕ್ಕಿದ್ದು ಯಾತಕ್ಕೆ ಅಂತ ತಿರುಗಿ ನೋಡೋದು? ಒಗಟು ಹೇಳಿ ಉತ್ತರದ ಹಾಳೆ ಹರಿದಂಗಾಯ್ತು ಇದು. ನಮ್ಮ ಕಡೆ ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನ ಭಜನೆಯವರು ಏಕತಾರಿ, ದಮ್ಮಡಿ ಹಿಡಿದು ರಾತ್ರಿಪೂರ್ತಿ ಹಾಡ್ತಾರೆ. ಅದರಲ್ಲೂ ನಗು ಬೇಕಾದಷ್ಟಿದೆ. ಒಂದು ಪದ ಮುಗಿದ ಮೇಲೆ ಕೂತವರಲ್ಲಿ ಯಾರಾದ್ರೂ ಅದರ ಅರ್ಥ ಒಡೀತಾರೆ, ಇನ್ನೊಬ್ಬರು ಅಲ್ಲ ಅಂತ ಜಗಳಕ್ಕೇ ನಿಲ್ತಾರೆ. ನಗೋದು, ಯೋಚಿಸೋದು ಎರಡೂ ಒಂದೇ ಚಾಪೆ ಮೇಲೆ.

ಇನ್ನು ಹೆಸರುಗಳ ವಿಷಯ. ಪೆನ್‌ಡ್ರೈವನ್ನ ಲ್ಯಾಪ್‌ಟಾಪಿಗೆ ಹಾಕಿ ನೋಡಿದೆ (ಚಾಳಿ, ಏನ್ಮಾಡೋದು :-)). ಎಂಪಿ3 ಕಡತದೊಳಗೆ ಐಡಿ3 ಟ್ಯಾಗ್ ಅಂತ ಇರುತ್ತೆ. ಹಾಡಿನ ಜೊತೆಗೇ ಹೋಗೋ ಜಾತಕ ಅಂದ್ಕೊಳ್ಳಿ. ಅದರ ಎರಡನೇ ಆವೃತ್ತಿಯಲ್ಲಿ ಸಂಗೀತ ಹಾಕಿದವರಿಗೆ ಒಂದು ಖಾನೆ, ಸಾಹಿತ್ಯ ಬರೆದವರಿಗೆ ಇನ್ನೊಂದು ಖಾನೆ ಬೇರೆ ಬೇರೆಯಾಗೇ ಇವೆ. ಯೂನಿಕೋಡಿನಲ್ಲಿ ಕನ್ನಡದಲ್ಲೇ ತುಂಬಬಹುದು. ಈ ಮಹಾನುಭಾವರು ತುಂಬಿದ್ದೇನು ಗೊತ್ತಾ? ಎಲ್ಲಾ ಕಡೆ ತಮ್ಮ ವೆಬ್‌ಸೈಟಿನ ವಿಳಾಸ! ಹೊದಿಕೆಯ ಕಾಗದದ ಮೇಲೆ ಶರೀಫಜ್ಜ "ಜಾನಪದ" ಆಗಿದ್ದಾರೆ. ಕೈಲಾಸಂ "ಜಾನಪದ" ಆಗಿದ್ದಾರೆ. ಜಿ.ಪಿ.ರಾಜರತ್ನಂ ಅವರ ನಾಯಿಮರಿ ಕೂಡ "ಜಾನಪದ". ಇದು ಬರೀ ಸೋಮಾರಿತನ ಅಂತ ಬಿಡೋಕೆ ಆಗಲ್ಲ, ಇದರಲ್ಲಿ ದುಡ್ಡಿನ ಲೆಕ್ಕವೂ ಇದೆ. ನಮ್ಮ ದೇಶದ ಕಾನೂನಿನಲ್ಲಿ ಬರೆದವರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತೆ. ಕೈಲಾಸಂ ತೀರಿಕೊಂಡಿದ್ದು 1946ರಲ್ಲಿ, ಅವರ ಅವಧಿ 2006ಕ್ಕೆ ಮುಗೀತು. ರಾಜರತ್ನಂ ತೀರಿಕೊಂಡಿದ್ದು 1979ರಲ್ಲಿ, ಅಂದ್ರೆ 2039ರ ಕೊನೆಯವರೆಗೂ ಅವಧಿ ಇದೆ. "ಜಾನಪದ" ಅಂತ ಬರೆದುಬಿಟ್ರೆ ಯಾರನ್ನೂ ಕೇಳಬೇಕಾಗಿಲ್ಲ, ಯಾರಿಗೂ ಕೊಡಬೇಕಾಗಿಲ್ಲ, ಅಲ್ವಾ? ಇನ್ನು ನಿಜವಾದ ಜಾನಪದಕ್ಕೂ ಹಾಡಿದವರು ಅಂತ ಒಬ್ಬರಿರ್ತಾರೆ. ಆ ಹೆಣ್ಮಗಳ ಹೆಸರು, ಊರು ಎಲ್ಲಿ?

ಅದೇ ರಾಜರತ್ನಂ ಮಕ್ಕಳಿಗೆ "ತುತ್ತೂರಿ" ಬರೆದರು, 1930ರ ದಶಕದಲ್ಲಿ ಯೆಂಡ್ಕುಡ್ಕ ರತ್ನನ ಪದಗಳನ್ನೂ ಬರೆದರು. ಒಂದೇ ಕೈ. ಆದ್ರೆ ಯಾವುದು ಯಾರಿಗೆ ಅನ್ನೋದು ಆ ಕೈಗೆ ಗೊತ್ತಿತ್ತು. ರತ್ನ ಕುಡುಕನಾದರೂ ಅವನಿಗೊಂದು ಮನೆ ಇದೆ, ಪುಟ್ನಂಜಿ ಇದ್ದಾಳೆ, ಕನ್ನಡ ಅಂದ್ರೆ ಪ್ರಾಣ ಬಿಡೋ ಎದೆ ಇದೆ. ನಮ್ಮ ಪೆನ್‌ಡ್ರೈವಿನಲ್ಲಿ ನಾಯಿಮರಿ ಮುಗಿದ ಕೂಡಲೇ 2013ರ 'ವಿಕ್ಟರಿ' ಸಿನಿಮಾದ ಕ್ವಾಟ್ರು ಬಾಟ್ಲಿ ಹಾಡು! ಆ ಹಾಡು ತನ್ನ ಜಾಗದಲ್ಲಿ ಇರಲಿ, ಗೆಳೆಯರು ಸೇರಿದಾಗ ನಾನೂ ಹಾಡ್ತೀನಿ. ಆದ್ರೆ ಕಾರಿನ ಹಿಂದಿನ ಸೀಟಲ್ಲಿ ಎರಡನೇ ಕ್ಲಾಸಿನ ಹುಡುಗಿ ಕೂತಿರುವಾಗ, "ಮನೆಮಂದಿಗೆಲ್ಲಾ" ಅಂತ ಬರೆದ ಹೊದಿಕೆಯೊಳಗೆ ಅದು ಬಂದದ್ದು ಹೇಗೆ?

ಆ ಹುಡುಗಿ ನನ್ನ ಅಕ್ಕನ ಮಗಳು. ಅವಳ ಬಗ್ಗೆ ಬರೀಲೇಬೇಕು, ಯಾಕಂದ್ರೆ ಸಿಟ್ಟು ಬಂದಿರೋದೇ ಅಲ್ಲಿಂದ. ಅಕ್ಕ-ಮಾವ ಬೆಂಗಳೂರಿಗೆ ಬಂದು ಎರಡು ವರ್ಷವಾಯ್ತು. ಈ ಸಂಗ್ರಹದಲ್ಲಿ "ಉತ್ತರ ಕರ್ನಾಟಕ ಸ್ಪೆಷಲ್" ಅಂತ ಹತ್ತೋ ಹನ್ನೆರಡೋ ಹಾಡುಗಳಿವೆ. ಅದರಲ್ಲಿ ಧಾರವಾಡದ್ದೂ ಅಲ್ಲದ, ಕಲಬುರ್ಗಿಯದ್ದೂ ಅಲ್ಲದ ಒಂದು ಭಾಷೆ. ಪ್ರತಿ ಪದಕ್ಕೂ "ರೀ", ಎರಡು ಪದಕ್ಕೊಂದು "ಲೇ", ಗಂಡಸರೆಲ್ಲಾ ಗೊಡ್ಡುಗಳು, ಹೆಂಗಸರೆಲ್ಲಾ ಬಾಯಿಬಡಕಿಯರು, ಊಟ ಅಂದ್ರೆ ರೊಟ್ಟಿ-ಮೆಣಸಿನಕಾಯಿ, ಅಷ್ಟೇ. ಹಾಡಿನಲ್ಲಿ ಬೇರೆ ಜೋಕಿಲ್ಲ, ನಾವು ಮಾತಾಡೋದೇ ಜೋಕು. ಹೋದ ವರ್ಷ ಅಕ್ಕನ ಮಗಳ ಶಾಲೆಯ ವಾರ್ಷಿಕೋತ್ಸವದಲ್ಲಿ ಇಂಥದ್ದೇ ಒಂದು ಹಾಡಿಗೆ ಕುಣಿಯೋಕೆ ಅವಳನ್ನ ಆರಿಸಿದ್ರು. ಕಾರಣ ಏನಂದ್ರೆ, "ಅವಳು ಹಾಗೇ ಮಾತಾಡ್ತಾಳಲ್ಲ, ಚೆನ್ನಾಗಿರುತ್ತೆ." ಎಲ್ಲರೂ ನಕ್ಕರು, ಚಪ್ಪಾಳೆಯೂ ಬಿತ್ತು. ಆಮೇಲೆ ಕೂಸು ಮನ್ಯಾಗ ಮಾತಾಡೋದನ್ನೇ ಬದಲಾಯಿಸಿಬಿಡ್ತು. ನಮ್ಮವ್ವ ಫೋನಿನಲ್ಲಿ "ಯವ್ವಾ, ಉಂಡೇನ?" ಅಂದ್ರೆ ಈ ಕಡೆಯಿಂದ "ಆಯ್ತು ಅಜ್ಜಿ" ಅಂತ ಸೋಸಿದ ಉತ್ತರ. ಅವ್ವ ನನಗ ಕೇಳಿದ್ಲು, "ಯಾಕೋ, ಹುಡುಗಿ ನನ್ನ ಜೋಡಿ ಬ್ಯಾರೇದವರ ಹಂಗ ಮಾತಾಡ್ತದಲ್ಲ?" ಏನಂತ ಹೇಳಲಿ?

ನಮ್ಮ ಮಾತಿನಲ್ಲಿ ಯಾರೂ ತಮಾಷೆ ಹಾಡು ಮಾಡಬಾರದು ಅಂತಲ್ಲ. 2018ರ 'ರ‍್ಯಾಂಬೋ 2' ಸಿನಿಮಾದ ಹಾಡು ನಮ್ಮ ಕಡೆಯ ಮಾತಿನಲ್ಲೇ ಇದ್ದು ಇಡೀ ರಾಜ್ಯವನ್ನ ಕುಣಿಸಿತು. ಅಲ್ಲಿ ಗಂಡು-ಹೆಣ್ಣು ಒಬ್ಬರನ್ನೊಬ್ಬರು ಕಾಡಿಸ್ತಾರೆ, ಆ ಕಾಟಕ್ಕೆ ನಗು ಬರುತ್ತೆ, ಉಚ್ಚಾರಕ್ಕಲ್ಲ. ಈ ವ್ಯತ್ಯಾಸ ಅರ್ಥ ಮಾಡಿಕೊಳ್ಳೋಕೆ ಸಂಗೀತದ ಡಿಗ್ರಿ ಬೇಕಾಗಿಲ್ಲ.

"ಅಯ್ಯೋ, ಒಂದು ಹಾಡು ಕೇಳಿ ನಕ್ಕು ಬಿಡೋದಕ್ಕೆ ಇಷ್ಟೆಲ್ಲಾ ಯಾಕಪ್ಪಾ" ಅಂತೀರಿ. ಸರಿ, ನಗೋ ವಿಷಯಾನೇ ಹೇಳ್ತೀನಿ. ನಮ್ಮೂರ ಮದುವೆಗಳಲ್ಲಿ ಬೀಗರ ಪದ ಅಂತ ಇವೆ. ಹೆಣ್ಣಿನ ಕಡೆಯವರು ಗಂಡಿನ ಕಡೆಯವರನ್ನ, ಅವರು ಇವರನ್ನ ಹಾಡಿನಲ್ಲೇ ಜರಿಯೋದು. ಬೀಗತಿಯ ನಡಿಗೆ, ಬೀಗರ ಹೊಟ್ಟೆ, ಅವರು ತಂದ ಸೀರೆಯ ಕಿಮ್ಮತ್ತು, ಯಾವುದನ್ನೂ ಬಿಡಲ್ಲ. ಬೈಸಿಕೊಳ್ಳೋರು ಎದುರಿಗೇ ಕೂತಿರ್ತಾರೆ. ಪದ ಮುಗಿಯೋದೇ ತಡ, ತಿರುಗಿ ಹಾಡ್ತಾರೆ, ಇನ್ನೂ ಖಾರವಾಗಿ. ಗಂಡನ ಹೆಸರಿಗೆ ಒಡಪು ಹೇಳು ಅಂತ ಮದುಮಗಳನ್ನ ಕಾಡಿಸೋದೂ ಅಲ್ಲೇ, ಅಜ್ಜಿಯಿಂದ ಹಿಡಿದು ಕೂಸಿನವರೆಗೂ ಎಲ್ಲರ ಮುಂದೆ. ಇನ್ನೊಂದು ಕಡೆ ಹೋಳಿಯ ಕಾಮಣ್ಣನ ಬೈಗುಳದ ಹಾಡುಗಳೂ ಇವೆ. ಅವು ಗಂಡು ಹುಡುಗರ ಗುಂಪಿನಲ್ಲಿ, ಬೀದಿಯಲ್ಲಿ, ಆ ಎರಡು ದಿನಕ್ಕೆ ಮಾತ್ರ. ಅವನ್ನ ಯಾರೂ ಪಡಸಾಲೆಗೆ ತಂದು ಮನೆಮಂದಿಗೆ ಅನ್ನಲಿಲ್ಲ. ಸೆನ್ಸಾರ್ ಮಂಡಳಿ ಇಲ್ಲದೇನೇ ಯಾರ ಮುಂದೆ ಏನು ಅನ್ನೋದು ಊರಿಗೆ ತಿಳಿದಿತ್ತು. ಪೆನ್‌ಡ್ರೈವ್ ಮಾಡೋನು ಇದೆಲ್ಲಾ ಕಲಿಸಿಬಿಟ್ಟ, ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ.

ಈಗ ನಾನು ಮಾಡ್ತಿರೋದು ಇಷ್ಟು. ಊರಲ್ಲಿದ್ದಾಗ ನಮ್ಮವ್ವ ಮತ್ತು ಓಣಿಯ ಮೂವರು ಹೆಣ್ಮಕ್ಕಳು ಹಾಡಿದ ಬೀಗರ ಪದ ಏಳು ರೆಕಾರ್ಡ್ ಮಾಡಿದೆ, ಅವರನ್ನ ಕೇಳಿಯೇ. ಪ್ರತಿಯೊಂದಕ್ಕೂ ಹಾಡಿದವರು, ಊರು, ಯಾರಿಂದ ಕಲಿತದ್ದು, ಯಾವ ಸಂದರ್ಭದ್ದು ಅಂತ ಕನ್ನಡದಲ್ಲೇ ಟ್ಯಾಗ್ ತುಂಬಿದ್ದೀನಿ. ಮಾವನ ಕಾರಿನ ಡಬ್ಬಿ ಕನ್ನಡ ಅಕ್ಷರದ ಬದಲು ಬರೀ ಚೌಕ ತೋರಿಸ್ತು, ಅದು ಬೇರೆ ಗೋಳು. ಟ್ಯಾಗ್ ತುಂಬೋಕೆ ಒಂದು ಹಾಡಿಗೆ ಮೂರ್ನಾಲ್ಕು ನಿಮಿಷ ಸಾಕು. ನಿಮ್ಮ ಕಡೆ, ಕೊಳ್ಳೇಗಾಲವೋ ಕಾಸರಗೋಡೋ ಎಲ್ಲೇ ಆಗಲಿ, ಬೀಗರನ್ನ ಹೇಗೆ ಬೈತಾರೆ? ರೆಕಾರ್ಡ್ ಮಾಡಿದ್ರೆ ಕೊನೆಯ ನುಡಿ ಮಾತ್ರ ಕತ್ತರಿಸಬೇಡಿ.